ಕಾದ ಗಾಳಿಯ ಒಲೆ: ಬೀದರ್ ಕಡೆಯಿಂದ ಕಲಿತ ಪಾಠ



ಅಡಿಕೆ ಬೇಯಿಸುವ ಕೆಲಸ ಮುಗಿದು ಕಾಫಿ ಕುಯ್ಲು ಬಿರುಸಾಗುವ ಹೊತ್ತಿಗೆ ನಮ್ಮಲ್ಲಿ ಬಹುಮಂದಿಯ ಸೌದೆ ಕೊಟ್ಟಿಗೆ ಅರ್ಧ ಬರಿದಾಗಿರುತ್ತದೆ. ಅಡಿಕೆ ಹಂಡೆಯ ಒಲೆ ತಿಂದದ್ದು ಒಂದು ಪಾಲಾದರೆ, ಬಚ್ಚಲ ಒಲೆ ಮತ್ತು ಲೈನ್ ಮನೆಗಳ ಅಡಿಗೆ ಒಲೆಗಳು ತಿಂದದ್ದು ಇನ್ನೊಂದು ಪಾಲು. ಕೊಟ್ಟಿಗೆ ಬರಿದಾದ ಮೇಲೆ ಕತ್ತಿ ಬೀಳುವುದು ನೆರಳಿನ ಮರದ ಮೇಲೆ. ಮೂರು ನಾಲ್ಕು ಎಕರೆಯ ಸಣ್ಣ ಹಿಡುವಳಿದಾರನಿಗೆ ಒಂದು ಒಳ್ಳೆಯ ನೆರಳಿನ ಮರ ಹೋದರೆ ಅದು ಮತ್ತೆ ಬೆಳೆಯಲು ಎಷ್ಟು ವರ್ಷ ಬೇಕೆಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ.

ಈ ಲೇಖನ ಬರೆಯಲು ಕಾರಣವಾದದ್ದು ಒಂದು ಮಾತು. ಕುಯ್ಲಿಗೆಂದು ಔರಾದ್ ತಾಲ್ಲೂಕಿನಿಂದ ಬಂದು ನಮ್ಮ ಲೈನಿನಲ್ಲಿ ಇಳಿದುಕೊಂಡಿದ್ದ ಕುಟುಂಬದ ಹಿರಿಯ ಹೆಂಗಸು, ಒಂದು ಬೆಳಿಗ್ಗೆ ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು ಹೇಳಿದರು: "ನಮ್ಮ ಕಡೀ ಗಿಡ ಇಲ್ರಿ ಅಣ್ಣಾರ, ಇದ್ದ ಕಟಗಿ ಒಣಾ ಇರ್ತದ. ನಿಮ್ಮ ಕಡೀ ಎಲ್ಲಿ ನೋಡಿದ್ರೂ ಗಿಡಾನೇ, ಒಲಿಗಿ ಹಾಕ್ಲಿಕ್ಕ ಒಂದು ಒಣ ಕಟಗಿ ಸಿಗಂಗಿಲ್ಲ." ಅವರ ಮಾತಿನಲ್ಲಿ ಗಿಡವೆಂದರೆ ಮರ. ನಾವು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಒಳಗೆ ಮೂರು ಕಲ್ಲಿನ ಒಲೆಯ ಪಕ್ಕದಲ್ಲಿ ಕೂಸೊಂದು ಮಲಗಿ ಕೆಮ್ಮುತ್ತಿತ್ತು. ಆ ಸೌದೆ ನಾವೇ ಕೊಟ್ಟದ್ದು.

ಬೇಸಿಗೆಯಲ್ಲಿ ಅವರ ಕರೆಯ ಮೇಲೆ ನಾವು ಬೀದರ್‌ಗೆ ಹೋಗಿ, ಭಾಲ್ಕಿ ಮತ್ತು ಔರಾದ್ ಕಡೆಯ ಹಳ್ಳಿಗಳಲ್ಲಿ ಕೆಲವು ದಿನ ಇದ್ದು ಬಂದೆವು. ಆ ಸೀಮೆ ನಮ್ಮದರ ತದ್ವಿರುದ್ಧ. ಬೀದರ್ ನಗರ ಕೆಂಪು ಜಂಬಿಟ್ಟಿಗೆಯ ಎತ್ತರದ ಬಯಲಿನ ಮೇಲೆ ಕುಳಿತಿದೆ. ಅಲ್ಲಿಂದ ಇಳಿದು ಮಾಂಜರಾ ನದಿಯ ಕಡೆ ಹೋದರೆ ಕಪ್ಪು ಎರೆ ಮಣ್ಣು, ತೊಗರಿ, ಜೋಳ, ಉದ್ದು, ಹೆಸರು, ಸೋಯಾ, ನೀರಿದ್ದಲ್ಲಿ ಕಬ್ಬು. ಕಾಡು ತೀರ ಕಡಿಮೆ. ಆದ್ದರಿಂದ ಒಲೆಗೆ ಹೋಗುವುದು ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಬೇಲಿಯ ಜಾಲಿ, ಮತ್ತು ಕುಳ್ಳು. ಕುಳ್ಳು ಎಂದರೆ ನಾವು ಬೆರಣಿ ಎನ್ನುವುದೇ. ಹೊಲದಿಂದ ಬಂದ ತೊಗರಿ ಕಟ್ಟಿಗೆಯನ್ನು ಮನೆಯ ಪಕ್ಕದಲ್ಲಿ ಬಣವೆಯಂತೆ ಒಟ್ಟಿ, ದಿನಕ್ಕೆ ಇಷ್ಟೇ ಹಿಡಿ ಎಂದು ಎಳೆದು ಉರಿಸುತ್ತಾರೆ. ಅನೇಕ ಮನೆಗಳಲ್ಲಿ ಅನಿಲದ ಒಲೆಯೂ ಇದೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ಸಿಲಿಂಡರ್ ಹಳ್ಳಿ ಹಳ್ಳಿಗೂ ಮುಟ್ಟಿದೆ. ಆದರೆ ಚಹಾ, ಪಲ್ಯ ಅನಿಲದ ಮೇಲೆ, ರೊಟ್ಟಿ ಮತ್ತು ಸ್ನಾನದ ನೀರು ಕಟ್ಟಿಗೆಯ ಮೇಲೆ, ಹೀಗೆ ಹಂಚಿಕೊಂಡಿರುವವರನ್ನು ಅಲ್ಲಿ ಕಂಡೆವು. ನಮ್ಮ ಮನೆಗಳಲ್ಲಿಯೂ ನಡೆದಿರುವುದು ಇದೇ ಅಲ್ಲವೇ?

ಸೌದೆ ಕಡಿಮೆ ಇರುವ ಆ ಸೀಮೆಯಲ್ಲಿ, ಕಬ್ಬು ಕಡಿಯಲು ಊರಿಂದೂರಿಗೆ ಹೋಗುವವರು ಹೊತ್ತೊಯ್ಯಬಲ್ಲ ತಗಡಿನ ಒಲೆಗಳೂ ಕಂಡವು. ಒಂದು ಡಬ್ಬಿಯ ಹೊಟ್ಟೆಗೆ ಬಾಯಿ ಕೊರೆದು ಒಳಗೆ ಮಣ್ಣು ಮೆತ್ತಿದ್ದು, ಅಷ್ಟೇ. ಉರಿಯುವಾಗ ಆ ಡಬ್ಬಿಯ ಹತ್ತಿರ ಕೈ ಒಯ್ದರೆ ಸುಡುತ್ತದೆ. ಕೈಗೆ ತಗಲುವ ಆ ಬಿಸಿಯೆಲ್ಲ ಪಾತ್ರೆಗೆ ಸೇರದೆ ಹೋದ ಬಿಸಿ. ಅದನ್ನು ಹಿಡಿದು ಮತ್ತೆ ಒಲೆಯೊಳಕ್ಕೆ ತರಲು ಸಾಧ್ಯವೇ ಎಂಬುದೇ ಈ ಪಾಠದ ವಿಷಯ.

ಸಾಧ್ಯವೆಂದು ಕಬ್ಬಿಣ ಕರಗಿಸುವವರು ಬಹಳ ಹಿಂದೆಯೇ ತೋರಿಸಿದ್ದಾರೆ. 1828ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬ್ಯೂಮಾಂಟ್ ನೀಲ್ಸನ್ ಎಂಬಾತ ಕುಲುಮೆಗೆ ಊದುವ ಗಾಳಿಯನ್ನು ಮೊದಲೇ ಕಾಯಿಸಿ ಊದುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ಅಲ್ಲಿಯವರೆಗೆ ತಣ್ಣನೆಯ ಗಾಳಿಯಿಂದಲೇ ಒಳ್ಳೆಯ ಕಬ್ಬಿಣ ಬರುತ್ತದೆಂಬ ನಂಬಿಕೆ ಇತ್ತು. ಗ್ಲಾಸ್ಗೋ ಬಳಿಯ ಕಾರ್ಖಾನೆಯಲ್ಲಿ ಒಂದು ಟನ್ ಕಬ್ಬಿಣಕ್ಕೆ ಸುಮಾರು 8 ಟನ್ ಕಲ್ಲಿದ್ದಲು ಹಿಡಿಯುತ್ತಿದ್ದುದು, ಬಿಸಿಗಾಳಿ ಬಂದ ಮೇಲೆ 5 ಟನ್ನಿನ ಆಸುಪಾಸಿಗೆ ಇಳಿಯಿತು. ಇದನ್ನು ಕೇಳಿದವರು "ಹಾಗಾದರೆ ನಮ್ಮ ಒಲೆಗೂ ಬಿಸಿಗಾಳಿ ಕೊಟ್ಟರೆ ಸೌದೆ ಅರ್ಧಕ್ಕರ್ಧ ಉಳಿಯುತ್ತದೆ" ಎಂದು ಹಾರುವುದುಂಟು. ನಾವೂ ಮೊದಲು ಹಾರಿದವರೇ. ಲೆಕ್ಕ ಹಾಕಿದ ಮೇಲೆ ಕೆಳಗೆ ಇಳಿದೆವು. ಆ ಲೆಕ್ಕವನ್ನು ಓದುಗರೂ ಒಮ್ಮೆ ಮಾಡಿ ನೋಡಬೇಕು.

ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4000 ಕಿಲೋ ಕ್ಯಾಲೊರಿ ಶಾಖವಿದೆ ಎಂದಿಟ್ಟುಕೊಳ್ಳಿ. ಅದು ಪೂರ್ತಿ ಉರಿಯಲು ಕನಿಷ್ಠ 6 ಕಿಲೋ ಗಾಳಿ ಬೇಕು. ನಮ್ಮ ಒಲೆಗಳಲ್ಲಿ ಗಾಳಿ ಅಳತೆಯಾಗಿ ಬರುವುದಿಲ್ಲ. ಎರಡರಷ್ಟು, ಅಂದರೆ 12 ಕಿಲೋ ಬರುತ್ತದೆ ಎನ್ನೋಣ. ಒಂದು ಕಿಲೋ ಗಾಳಿಯ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು 0.24 ಕಿಲೋ ಕ್ಯಾಲೊರಿ ಸಾಕು. ಆ 12 ಕಿಲೋ ಗಾಳಿಯನ್ನು 30 ಡಿಗ್ರಿಯಿಂದ 130 ಡಿಗ್ರಿಗೆ ಕಾಯಿಸಿ ಕೊಟ್ಟರೆ ಮರಳಿ ಬರುವ ಶಾಖ 12 × 0.24 × 100 = 288 ಕಿಲೋ ಕ್ಯಾಲೊರಿ. ಅಂದರೆ ನೂರಕ್ಕೆ ಏಳು. ಅದೂ ಎಲ್ಲ ಗಾಳಿ ಕಾದು ಬಂದರೆ. ಮುಂದೆ ಹೇಳುವ ನಮ್ಮ ಒಲೆಯಲ್ಲಿ ಕಾದು ಬರುವುದು ಗಾಳಿಯ ಸುಮಾರು ನಾಲ್ಕನೆಯ ಒಂದು ಪಾಲು ಮಾತ್ರ. ಹಾಗಾಗಿ ನೇರ ಉಳಿತಾಯ ನೂರಕ್ಕೆ ಎರಡನ್ನೂ ಮುಟ್ಟುವುದಿಲ್ಲ. ಕಬ್ಬಿಣದ ಕುಲುಮೆಗೆ ಅಷ್ಟು ಲಾಭವಾದದ್ದೇಕೆಂದರೆ ಅಲ್ಲಿ ಬೇಕಾದದ್ದು ಸಾವಿರ ಡಿಗ್ರಿಗಿಂತ ಎಷ್ಟೋ ಹೆಚ್ಚಿನ ಉಷ್ಣತೆ. ಅಷ್ಟು ಮೇಲೆ ಒಂದೊಂದು ಡಿಗ್ರಿಗೂ ಬೆಲೆ ಇದೆ. ನಮ್ಮ ಅನ್ನದ ಪಾತ್ರೆಗೆ 100 ಡಿಗ್ರಿ ಸಾಕು.

ಹಾಗಾದರೆ ಕಾದ ಗಾಳಿ ಏಕೆ ಬೇಕು? ಹೊಗೆಗಾಗಿ ಬೇಕು. ಸೌದೆ ಎಂಬುದು ಇದ್ದಿಲಿನ ಹಾಗೆ ಬಿದ್ದಲ್ಲೇ ಉರಿಯುವ ವಸ್ತುವಲ್ಲ. ಬಿಸಿ ತಗಲಿದೊಡನೆ ಒಣ ಸೌದೆಯ ತೂಕದಲ್ಲಿ ನೂರಕ್ಕೆ 70ರಿಂದ 80 ಪಾಲು ಅನಿಲವಾಗಿ ಹೊರಡುತ್ತದೆ. ನಾವು ಜ್ವಾಲೆ ಎನ್ನುವುದು ಆ ಅನಿಲ ಉರಿಯುವುದನ್ನೇ. ಅದಕ್ಕೆ ಮೇಲುಗಡೆ ಗಾಳಿಯೂ ಬೇಕು, ಸುಮಾರು 600 ಡಿಗ್ರಿಗೆ ಮೇಲ್ಪಟ್ಟ ಉಷ್ಣತೆಯೂ ಬೇಕು. ಗಾಳಿ ಸಿಗದಿದ್ದರೆ, ಅಥವಾ ತಣ್ಣನೆಯ ಗಾಳಿ ಬಡಿದು ಜ್ವಾಲೆ ಆರಿದರೆ, ಅದೇ ಅನಿಲ ಹೊಗೆಯಾಗಿ ಹೊರಗೆ ಬರುತ್ತದೆ. ಪಾತ್ರೆಯ ತಳದ ಮಸಿ, ಜಂತಿಯ ಇಲ್ಲಣ, ಹೆಂಗಸರ ಕಣ್ಣುರಿ, ಕೂಸಿನ ಕೆಮ್ಮು, ಎಲ್ಲವೂ ಉರಿಯದೆ ಉಳಿದ ಸೌದೆಯೇ. ಜ್ವಾಲೆಯ ಮೇಲ್ಭಾಗಕ್ಕೆ ಕಾದ ಗಾಳಿಯನ್ನು ಸಣ್ಣ ಸಣ್ಣ ರಂಧ್ರಗಳಿಂದ ಬಿಟ್ಟರೆ ಈ ಹೊಗೆಯ ಬಹುಭಾಗ ಅಲ್ಲೇ ಉರಿದುಹೋಗುತ್ತದೆ. ಜೊತೆಗೆ ಒಲೆಯ ಹೊರಮೈ ತಂಪಾಗಿ ಉಳಿದು ಮಕ್ಕಳ ಕೈ ಸುಡುವುದು ತಪ್ಪುತ್ತದೆ. ಅದನ್ನು ನಾವು ಸಣ್ಣ ಲಾಭವೆಂದು ಎಣಿಸುವುದಿಲ್ಲ.

ಈ ಕೆಲಸ ನಮ್ಮ ರಾಜ್ಯದಲ್ಲೇ ಸಾಕಷ್ಟು ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ನೆಲೆ ಮಾಡಿಕೊಂಡು ಹಳ್ಳಿಗಳ ಇಂಧನದ ಲೆಕ್ಕ ತೆಗೆಯಿತು. ಹಳ್ಳಿಯ ಶಕ್ತಿಯಲ್ಲಿ ದೊಡ್ಡ ಪಾಲು ಅಡಿಗೆಗೂ ಸ್ನಾನದ ನೀರಿಗೂ ಸೌದೆಯ ರೂಪದಲ್ಲೇ ಹೋಗುತ್ತದೆಂದು ಅಲ್ಲಿ ಕಂಡುಬಂದಿತು. ಅದರಿಂದ ಹುಟ್ಟಿದ್ದು 1980ರ ದಶಕದಲ್ಲಿ ಮನೆಮಾತಾದ ಅಸ್ತ್ರ ಒಲೆ: ತುರಿ, ಮುಚ್ಚಿದ ಬೆಂಕಿಗೂಡು, ಮೂರು ಪಾತ್ರೆ, ಹೊಗೆ ಕೊಳವೆ. ಅದು ನೆಲಕ್ಕೆ ಕಟ್ಟಿದ ಒಲೆ. ಅದೇ ಸಂಸ್ಥೆಯ ಎಚ್. ಎಸ್. ಮುಕುಂದ, ಯು. ಶ್ರೀನಿವಾಸ ಮತ್ತು ಎಸ್. ದಾಸಪ್ಪ ಅವರು ಒಂದೇ ಪಾತ್ರೆಯ, ಎತ್ತಿ ಒಯ್ಯುವ ಸೌದೆ ಒಲೆಯನ್ನು ರೂಪಿಸಿ 1988ರಲ್ಲಿ 'ಸಾಧನಾ' ವಿಜ್ಞಾನ ಪತ್ರಿಕೆಯಲ್ಲಿ ವಿವರ ಪ್ರಕಟಿಸಿದರು. ಪ್ರಯೋಗಶಾಲೆಯಲ್ಲಿ ಸೌದೆಯ ಶಾಖದಲ್ಲಿ ನೂರಕ್ಕೆ 40ರ ಆಸುಪಾಸು ಪಾತ್ರೆಗೆ ಸೇರಿತು. ನಮ್ಮ ಮೂರು ಕಲ್ಲಿನ ಒಲೆಯಲ್ಲಿ ಸೇರುವುದು ಸಾಮಾನ್ಯವಾಗಿ 10ರಿಂದ 15.

ಅಲ್ಲಿಯ ಸಂಶೋಧನೆಯಿಂದಲೇ 2006ರ ಸುಮಾರಿಗೆ 'ಊರ್ಜಾ' ಎಂಬ ಒಲೆ ಮಾರುಕಟ್ಟೆಗೆ ಬಂತು. ಸಣ್ಣ ಪಂಕ ಕೆಳಗಿನಿಂದ ಸ್ವಲ್ಪ, ಮೇಲಿನ ರಂಧ್ರಗಳಿಂದ ಹೆಚ್ಚು ಗಾಳಿ ಕೊಡುತ್ತಿತ್ತು. ಇಂಧನ ಬೆಳೆಯ ಕಸವನ್ನು ಒತ್ತಿ ಮಾಡಿದ ಗುಳಿಗೆ. ಮಹಾರಾಷ್ಟ್ರ, ಕರ್ನಾಟಕ ಮೊದಲಾದ ಕಡೆ ಸುಮಾರು 4 ಲಕ್ಷ ಒಲೆ ಮಾರಾಟವಾದವು. ಹೊಗೆ ಬಹಳ ಕಡಿಮೆ ಎಂದು ಹೆಂಗಸರು ಮೆಚ್ಚಿದರು. ಆಮೇಲೆ ಗುಳಿಗೆಯ ಬೆಲೆ ಏರಿತು. ಒಲೆಗಳು ಅಟ್ಟ ಸೇರಿದವು. ಒಲೆ ಕೆಟ್ಟದ್ದೆಂದಲ್ಲ, ಇಂಧನ ಅಂಗಡಿಯದಾಗಿತ್ತು. ಆದ್ದರಿಂದ ನಮ್ಮ ಲೈನ್ ಮನೆಗಳಿಗೆ ಒಲೆ ಯೋಚಿಸುವಾಗ ಪಂಕವೂ ಬೇಡ, ಗುಳಿಗೆಯೂ ಬೇಡ, ಕಾಫಿ ಗಿಡದ ಕಡ್ಡಿಯಿಂದಲೂ ಭಾಲ್ಕಿಯ ತೊಗರಿ ಕಟ್ಟಿಗೆಯಿಂದಲೂ ಉರಿಯಬೇಕು ಎಂದು ಗೆರೆ ಎಳೆದುಕೊಂಡೆವು.

ನಾವು ಮಾಡಿಸಿದ ಒಲೆಯ ಅಳತೆ ಹೀಗಿದೆ. ಒಳಗಿನ ಕೊಳವೆ 12 ಸೆಂಟಿಮೀಟರ್ ಅಗಲ, 28 ಸೆಂಟಿಮೀಟರ್ ಎತ್ತರ. ಇದಕ್ಕೆ ತುಕ್ಕು ಹಿಡಿಯದ ಸ್ಟೀಲ್ ತಗಡೇ ಆಗಬೇಕು. ಸಾಧಾರಣ ತಗಡು ಒಂದು ಕುಯ್ಲಿನಲ್ಲಿ ಸುಟ್ಟು ಉದುರುತ್ತದೆ. ಹೊರಗಿನ ಕೊಳವೆ 17 ಸೆಂಟಿಮೀಟರ್ ಅಗಲ, ಅಂದರೆ ನಡುವೆ ಸುತ್ತಲೂ ಎರಡೂವರೆ ಸೆಂಟಿಮೀಟರ್ ಸಂದು. ಹೊರಗಿನದಕ್ಕೆ ಯಾವ ತಗಡಾದರೂ ನಡೆಯುತ್ತದೆ. ಸಂದಿನ ಮೇಲ್ತುದಿಯನ್ನು ಬಳೆಯಂಥ ಪಟ್ಟಿಯಿಂದ ಪೂರ್ತಿ ಮುಚ್ಚಬೇಕು. ಒಳ ಕೊಳವೆಯ ಬಾಯಿಂದ 4 ಸೆಂಟಿಮೀಟರ್ ಕೆಳಗೆ ಸುತ್ತಲೂ 6 ಮಿಲಿಮೀಟರಿನ 24 ರಂಧ್ರ. ಹೊರ ಕೊಳವೆಯ ಬುಡದಲ್ಲಿ 10 ಮಿಲಿಮೀಟರಿನ 16 ರಂಧ್ರ. ಸೌದೆ ಹಾಕುವ ಬಾಯಿ ಎರಡೂ ಕೊಳವೆಗಳನ್ನು ದಾಟಿ ಒಳಗೆ ಹೋಗುತ್ತದೆ. 10 ಸೆಂಟಿಮೀಟರ್ ಅಗಲ, 8 ಎತ್ತರ. ಅದರ ತಳದಲ್ಲಿ ಕಡ್ಡಿ ಒರಗಲು ತುರಿ, ತುರಿಯ ಕೆಳಗೆ 8ಕ್ಕೆ 3 ಸೆಂಟಿಮೀಟರಿನ ಗಾಳಿಬಾಯಿ. ಬಾಯಿ ಸೇರುವ ಕಡೆಗಳಲ್ಲಿ ಸಂದು ಉಳಿದರೆ ಮಣ್ಣು ಮೆತ್ತಬೇಕು. ಕುಲುಮೆಯವನಾಗಲಿ, ಡಬ್ಬಿ ಬೆಸೆಯುವವನಾಗಲಿ ಒಂದು ದಿನದಲ್ಲಿ ಮಾಡಬಹುದಾದ ಕೆಲಸ.

ಬುಡದ ರಂಧ್ರ ಎಂದು ಒತ್ತಿ ಹೇಳಲು ಕಾರಣವಿದೆ. ಮೊದಲ ಒಲೆಯಲ್ಲಿ ನಾವು ಜಾಣತನ ಮಾಡಿ ಹೊರ ಕೊಳವೆಯ ರಂಧ್ರಗಳನ್ನು ಮೇಲ್ಗಡೆ ಕೊರೆಸಿದೆವು. ಗಾಳಿ ಮೇಲಿನಿಂದ ಸಂದಿಗೆ ಇಳಿದು, ತಳಕ್ಕೆ ಹೋಗುವಷ್ಟರಲ್ಲಿ ಚೆನ್ನಾಗಿ ಕಾದು, ತುರಿಯ ಕೆಳಗೆ ಬರಲಿ ಎಂಬುದು ಯೋಚನೆ. ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣಿಸಿತು. ಹೊತ್ತಿಸಿದಾಗ ಐದು ನಿಮಿಷ ಉರಿದು, ಆಮೇಲೆ ಸೌದೆಯ ಬಾಯಿಂದಲೇ ಹೊಗೆ ಉಗುಳಿ ಮನೆಯವರನ್ನೆಲ್ಲ ಅಂಗಳಕ್ಕೆ ಅಟ್ಟಿತು. ಕಾದ ಗಾಳಿ ಹಗುರ, ಅದು ಏರಬಯಸುತ್ತದೆ. ನಾವು ಅದನ್ನು ಇಳಿಯೆಂದು ಕೇಳಿದ್ದೆವು. ಪಂಕವಿದ್ದರೆ ಒತ್ತಿ ಇಳಿಸಬಹುದು. ಪಂಕವಿಲ್ಲದ ಒಲೆಗೆ ಇರುವ ಎಳೆತ ಅದರ ಒಂದು ಗೇಣಿನ ಎತ್ತರದ್ದು ಮಾತ್ರ, ಅದನ್ನು ಎದುರು ಹಾಕಿಕೊಳ್ಳಬಾರದು. ಗಾಳಿ ಬುಡದಲ್ಲಿ ಹೊಕ್ಕು, ಸಂದಿನಲ್ಲಿ ಏರುತ್ತ ಕಾದು, ಮೇಲಿನ ರಂಧ್ರಗಳಿಂದ ಜ್ವಾಲೆಗೆ ಬಿದ್ದರೆ ಸಂದೇ ಒಂದು ಚಿಮಣಿಯಂತೆ ಸಹಾಯ ಮಾಡುತ್ತದೆ. ಎರಡನೆಯ ಒಲೆಯಲ್ಲಿ ಹಾಗೆ ಮಾಡಿದೆವು. ಹತ್ತು ನಿಮಿಷ ಕಳೆದು ಒಳ ತಗಡು ಕಾದ ಮೇಲೆ ಬಗ್ಗಿ ನೋಡಿದರೆ ಒಂದೊಂದು ರಂಧ್ರದ ಮುಂದೆಯೂ ಅನಿಲದ ಒಲೆಯಂತೆ ಸಣ್ಣ ಜ್ವಾಲೆ ನಿಂತಿತ್ತು.

ಇನ್ನೊಂದು ಮಾತು. 130 ಡಿಗ್ರಿಗೆ ಕಾದ ಗಾಳಿ ಮೂರನೆಯ ಒಂದು ಪಾಲು ಉಬ್ಬಿರುತ್ತದೆ. ಆದ್ದರಿಂದ ತಣ್ಣನೆಯ ಗಾಳಿಗೆಂದು ಲೆಕ್ಕ ಹಾಕಿದ ರಂಧ್ರ ಕಾದ ಗಾಳಿಗೆ ಸಾಲದು. ಹಾಗೆಂದು ಬೇಕಾಬಿಟ್ಟಿ ಕೊರೆದರೆ ಜ್ವಾಲೆ ತಂಪಾಗುತ್ತದೆ. ನಾವು 16 ರಂಧ್ರದಿಂದ ಶುರು ಮಾಡಿ 24ಕ್ಕೆ ನಿಲ್ಲಿಸಿದೆವು.

ಈಗ ನಿಜವಾದ ಸೌದೆ ಉಳಿತಾಯದ ವಿಷಯ. ಅದು ಇರುವುದು ಪಾತ್ರೆಯ ಸುತ್ತ. ಬಿಸಿ ಹೊಗೆ ಪಾತ್ರೆಯ ತಳಕ್ಕೆ ಬಡಿದು ಪಕ್ಕಕ್ಕೆ ಹಾರಿಹೋಗದಂತೆ, ಪಾತ್ರೆಯ ಮೈಗೆ ಒಂದೂವರೆ ಸೆಂಟಿಮೀಟರ್ ಬಿಟ್ಟು ಒಂದು ತಗಡಿನ ಲಂಗ ತೊಡಿಸಬೇಕು. ಕಾದ ಗಾಳಿಗಿಂತ ಈ ಲಂಗವೇ ಹೆಚ್ಚು ಸೌದೆ ಉಳಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ಒಲೆಗೆ ಎರಡು ಕೊಳವೆ ಮಾಡಿಸಲು ಆಗದವರು ಈ ಲಂಗವೊಂದನ್ನಾದರೂ ಮಾಡಿಸಿಕೊಳ್ಳಲಿ.

ಒಲೆಯನ್ನು ಔರಾದ್‌ನ ಆ ಹೆಂಗಸಿನ ಮುಂದೆ ಇಟ್ಟಾಗ ಅವರು ಸುತ್ತ ತಿರುಗಿಸಿ ನೋಡಿ, ಹೊತ್ತಿಸಿ, ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ, "ಹೊಗಿ ಇಲ್ಲ, ಅದು ಖರೇ ಅದ. ಆದ್ರ ಅಣ್ಣಾರ, ರೊಟ್ಟಿ ಎಲ್ಲಿ ಸುಡ್ಲಿ?" ಎಂದರು. ಜೋಳದ ರೊಟ್ಟಿ ಹಂಚಿನ ಮೇಲೆ ಬೆಂದರೆ ಸಾಲದು, ಕೊನೆಗೆ ಒಲೆಯ ಬಾಯಲ್ಲಿ ಕೆಂಡದ ಎದುರು ನಿಲ್ಲಿಸಿ ಉಬ್ಬಿಸಬೇಕು. ನಮ್ಮ ಒಲೆಗೆ ಅಂಥ ಬಾಯೇ ಇರಲಿಲ್ಲ. ಹಂಚೋ ಲಂಗಕ್ಕಿಂತ ಅಗಲ. ಅವರ ಮಾತಿನಂತೆ ಎರಡು ಬದಲಾವಣೆ ಆದವು: ಲಂಗ ಕಳಚುವಂತಾಯಿತು, ಒಲೆಯ ಬಾಯಿಗೆ ಗಿಡ್ಡ ಕಾಲಿನ ತಗಡಿನ ತಟ್ಟೆಯೊಂದು ಸೇರಿ ಅದರ ಮೇಲೆ ಕೆಂಡ ಎಳೆದುಕೊಳ್ಳುವಂತಾಯಿತು. ಹಂಚಿಗೆ ಒಂದೂವರೆ ಸೆಂಟಿಮೀಟರ್ ಎತ್ತರದ ಮೂರು ಮುಳ್ಳು ಬೆಸೆಸಿದೆವು. ಮುದ್ದೆ ತೊಳಸುವ ಮನೆಗಳವರಿಗೆ ಇನ್ನೊಂದು ತೊಂದರೆ ಇದೆ; ಕೋಲು ಹಾಕಿ ತಿರುವುವಾಗ ಹಗುರ ಒಲೆ ಅಲುಗುತ್ತದೆ. ಬುಡಕ್ಕೆ ಅಗಲದ ಚೌಕಟ್ಟು ಹಾಕಿ ಅದರ ಮೇಲೆ ಎರಡು ಕಲ್ಲು ಹೇರಿದರೆ ನಿಲ್ಲುತ್ತದೆ.

ನಿಮ್ಮ ಒಲೆ ಎಷ್ಟು ಉಳಿಸುತ್ತದೆಂದು ಯಾರ ಮಾತನ್ನೂ ನಂಬಬೇಡಿ, ಅಳೆದು ನೋಡಿ. ಒಂದು ತಕ್ಕಡಿ, ಒಂದು ಉಷ್ಣತಾಮಾಪಕ ಸಾಕು. ಉದಾಹರಣೆಗೆ 5 ಲೀಟರ್ ನೀರನ್ನು 24 ಡಿಗ್ರಿಯಿಂದ 97 ಡಿಗ್ರಿಗೆ ಕುದಿಸಿದಿರಿ ಎನ್ನೋಣ (ನಮ್ಮ ಎತ್ತರದ ಊರುಗಳಲ್ಲಿ ನೀರು 100ಕ್ಕೆ ಮೊದಲೇ ಕುದಿಯುತ್ತದೆ). 5 × 73 = 365. ಕುದಿದು ಆವಿಯಾದದ್ದು 200 ಗ್ರಾಂ ಆದರೆ 0.2 × 540 = 108. ಒಟ್ಟು 473 ಕಿಲೋ ಕ್ಯಾಲೊರಿ ನೀರಿಗೆ ಸೇರಿತು. ಉರಿದ ಸೌದೆ 450 ಗ್ರಾಂ ಆದರೆ ಅದರ ಶಾಖ 1800. ಭಾಗಿಸಿದರೆ ನೂರಕ್ಕೆ 26. ಕೊನೆಗೆ ಉಳಿದ ಕೆಂಡವನ್ನು ಆರಿಸಿ ತೂಗಿ ಲೆಕ್ಕಕ್ಕೆ ಹಿಡಿದರೆ ಇನ್ನೂ ನಿಖರ. ಹಳೆಯ ಒಲೆಯ ಮೇಲೂ ಅದೇ ಪಾತ್ರೆ, ಅದೇ ಸೌದೆಯಿಂದ ಅದೇ ದಿನ ಮಾಡಿದರೆ ಹೋಲಿಕೆ ನ್ಯಾಯವಾಗಿರುತ್ತದೆ.

ಅದೇ ಸೌದೆ ಎಂದೆವು. ಮೇಲಿನ ಆ ಹೆಂಗಸಿನ ಮೊದಲ ಮಾತಿಗೆ ಮತ್ತೆ ಬರಬೇಕು. ತೂಕದಲ್ಲಿ ನೂರಕ್ಕೆ 10 ಪಾಲು ನೀರಿರುವ ಒಂದು ಕಿಲೋ ಸೌದೆ ಸುಮಾರು 3900 ಕಿಲೋ ಕ್ಯಾಲೊರಿ ಕೊಟ್ಟರೆ, 25 ಪಾಲು ನೀರಿರುವುದು 3150 ಮಾತ್ರ ಕೊಡುತ್ತದೆ. ಸೌದೆಯ ಪ್ರಮಾಣವೇ ಕಡಿಮೆ, ಇದ್ದದ್ದರಲ್ಲಿ ಒಂದಷ್ಟು ಆ ನೀರನ್ನು ಆವಿ ಮಾಡಲು ಹೋಯಿತು, ಜೊತೆಗೆ ಗೂಡು ತಂಪಾಗಿ ಹೊಗೆ ಉರಿಯದೆ ಉಳಿಯಿತು. 750 ಕಿಲೋ ಕ್ಯಾಲೊರಿಯ ಈ ವ್ಯತ್ಯಾಸದ ಮುಂದೆ ಕಾದ ಗಾಳಿಯ 288 ಎಲ್ಲಿ ನಿಲ್ಲುತ್ತದೆ? ನಮ್ಮ ಕಾಫಿ ಕಡ್ಡಿ, ಸಿಲ್ವರ್ ಓಕ್ ರೆಂಬೆಗಳನ್ನು ಮುಂಗಾರಿಗೆ ಮುಂಚೆಯೇ ಗೇಣುದ್ದ ಕತ್ತರಿಸಿ, ಹೆಬ್ಬೆರಳ ಗಾತ್ರಕ್ಕೆ ಸೀಳಿ, ಸೂರಿನ ಕೆಳಗೆ ಗಾಳಿ ಆಡುವಂತೆ ಅಟ್ಟಣಿಗೆಯ ಮೇಲೆ ಒಟ್ಟಿದರೆ ಕುಯ್ಲಿನವರಿಗೆ ಒಣ ಸೌದೆ ಇರುತ್ತದೆ. ಹಾಲುವಾಣವನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ, ಅದು ಉರಿಯುವ ಜಾತಿಯಲ್ಲ. ಹಸಿ ಅಡಿಕೆ ಸಿಪ್ಪೆಯೂ ಬೇಡ.

ಅಡಿಕೆ ಹಂಡೆಯ ಒಲೆಗೆ ಇದೇ ಉಪಾಯ ನಡೆಯುವುದೇ ಎಂದು ಕೇಳಿದವರಿದ್ದಾರೆ. ತತ್ತ್ವದಲ್ಲಿ ನಡೆಯಬೇಕು: ಗೋಡೆ ಕಟ್ಟುವಾಗಲೇ ಬುಡದಿಂದ ಏರುವ ಕೊಳವೆಗಳನ್ನು ಹೂತು ಹಂಡೆಯ ತಳಕ್ಕಿಂತ ಸ್ವಲ್ಪ ಕೆಳಗೆ ಬಾಯಿ ಬಿಡಿಸಬಹುದು. ನಾವು ಇನ್ನೂ ಕಟ್ಟಿ ನೋಡಿಲ್ಲ. ಕಟ್ಟಿದ ಮೇಲೆ ಒಳ್ಳೆಯದಾದರೂ ಕೆಟ್ಟದ್ದಾದರೂ ಇದೇ ಪುಟದಲ್ಲಿ ಬರೆಯುತ್ತೇವೆ.

ಬಳಸುವವರಿಗೆ ಎರಡು ಎಚ್ಚರಿಕೆ. ಹೊಗೆ ಕಾಣದಿದ್ದರೂ ಕೆಂಡದಿಂದ ಇಂಗಾಲದ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಬರುತ್ತದೆ. ಎತ್ತಿ ಒಯ್ಯುವ ಒಲೆಯೆಂದು ಚಳಿಗೆ ಅದನ್ನು ಮಲಗುವ ಕೋಣೆಗೆ ಒಯ್ದು ಬಾಗಿಲು ಹಾಕಿಕೊಳ್ಳುವುದು ಪ್ರಾಣಕ್ಕೇ ಅಪಾಯ. ಲೈನ್ ಮನೆಗಳಲ್ಲಿ ಇದನ್ನು ಬಾಯಲ್ಲಿ ಹೇಳಿ ತಿಳಿಸಬೇಕು, ಬರೆದು ಅಂಟಿಸಿದರೆ ಸಾಲದು. ಎರಡನೆಯದು, ಮೇಲಿನ ರಂಧ್ರಗಳು ಮಸಿಯಿಂದ ಕಟ್ಟಿಕೊಂಡರೆ ಒಲೆ ಮತ್ತೆ ಹಳೆಯ ಡಬ್ಬಿಯೇ ಆಗುತ್ತದೆ. ವಾರಕ್ಕೊಮ್ಮೆ ಒಲೆ ಆರಿದ ಮೇಲೆ ತೆಂಗಿನ ಗರಿಯ ಕಡ್ಡಿಯಿಂದ 24 ರಂಧ್ರವನ್ನೂ ಚುಚ್ಚಿ ಬಿಡಿಸಿ, ಸಂದಿನ ಬುಡದಲ್ಲಿ ಸೇರಿದ ಬೂದಿಯನ್ನು ಒಲೆ ಓರೆ ಮಾಡಿ ತಟ್ಟಿ ಉದುರಿಸಬೇಕು. ಆ ಬೂದಿಯನ್ನು ಗೊಬ್ಬರದ ಗುಂಡಿಗೆ ಹಾಕಿ.